ಗಣಕಯಂತ್ರದ ದಫ್ತರಗಳಲ್ಲಿ ಅವಧಿ ಗೊತ್ತುಮಾಡಿ ಅಧಿಕಾರ ಕೊಡುವ ಕ್ರಮ

ಉಗ್ರಾಣದ ಬೀಗದಕೈಯು ಯಾರಲ್ಲಿರಬೇಕು, ಎಷ್ಟು ಹೊತ್ತು ಇರಬೇಕು, ಯಾವಾಗ ಹಿಂದಕ್ಕೆ ಬರಬೇಕು ಎಂಬ ವಿಷಯದಲ್ಲಿ ನಮ್ಮ ಗ್ರಾಮ ಮುಖಂಡರಿಗೂ ಭೂಮಾಲೀಕರಿಗೂ ಯಾರೂ ಪಾಠ ಹೇಳಬೇಕಾದುದಿಲ್ಲ. ಕಾಳು ಅಳೆಯುವ ದಿನ ಆಳಿನ ಕೈಗೆ ಬೀಗದಕೈಯನ್ನು ಕೊಟ್ಟರೂ ದೀಪ ಹಚ್ಚುವ ಹೊತ್ತಿಗೆ ಅದು ಯಜಮಾನನ ಸೊಂಟಕ್ಕೆ ಮರಳಿ ಬರತಕ್ಕದ್ದು. ಕೆರೆಯ ತೂಬನ್ನು ಎತ್ತುವ ಅಧಿಕಾರವು ನೀರುಗಂಟಿಗೆ ಉಂಟು; ಆದರೆ ಅದು ಪಾಳಿಯ ಪ್ರಕಾರ, ಗೊತ್ತಾದ ಗದ್ದೆಗೆ, ಗೊತ್ತಾದ ಜಾವದವರೆಗೆ ಮಾತ್ರ. ಇಷ್ಟನ್ನು ಚೆನ್ನಾಗಿ ಬಲ್ಲ ಜನರೇ, ಸಂಘದ ಲೆಕ್ಕವೂ ಬ್ಯಾಂಕಿನ ಹಣವೂ ಪಹಣಿಯ ವಿವರಗಳೂ ಗಣಕಯಂತ್ರಕ್ಕೆ ಸೇರಿದ ಮೇಲೆ, ಆ ಯಂತ್ರದ ಬೀಗದಕೈಯನ್ನು ಕೇಳಿದವರಿಗೆಲ್ಲ ಕೊಟ್ಟು, ಹಿಂದಕ್ಕೆ ಪಡೆಯುವುದನ್ನು ಮರೆತು ಕುಳಿತಿರುವುದು ನೋಡುವವರಿಗೆ ಆಶ್ಚರ್ಯವಾಗಿದೆ. ಯಂತ್ರದ ಬೀಗದಕೈಯು ಕಣ್ಣಿಗೆ ಕಾಣುವುದಿಲ್ಲ. ಒಬ್ಬನಿಗೆ ಕೊಟ್ಟರೂ ನಮ್ಮಲ್ಲಿ ಕಡಿಮೆಯಾಗುವುದಿಲ್ಲ. ಮರೆವಿಗೆ ಇದೇ ಮುಖ್ಯ ಕಾರಣವೆಂದು ತೋರುತ್ತದೆ.

ಈ ವಿಷಯವು ಪಟ್ಟಣದವರಿಗೆ ಮಾತ್ರ ಸಂಬಂಧಪಟ್ಟುದೆಂದು ಯಾರೂ ಭಾವಿಸಬಾರದು. ಭೂಮಿ ಯೋಜನೆಯ ಮೂಲಕ ಕರ್ನಾಟಕದ ಸುಮಾರು ೬೭ ಲಕ್ಷ ಭೂಮಾಲೀಕರ ೨ ಕೋಟಿಯಷ್ಟು ಪಹಣಿಗಳು ಎರಡು ದಶಕಗಳಿಗಿಂತ ಹಿಂದೆಯೇ ಯಂತ್ರಕ್ಕೆ ಸೇರಿದುವು. ರಸಗೊಬ್ಬರದ ಮಾರಾಟವು ೨೦೧೮ನೆಯ ಇಸವಿ ಮಾರ್ಚಿಯ ಹೊತ್ತಿಗೆ ದೇಶದಲ್ಲೆಲ್ಲ ಅಂಗಡಿಯ ಕೈಯಂತ್ರದ ಮೂಲಕ ನಡೆಯುವಂತಾಯಿತು. ೨೦೨೨ನೆಯ ಇಸವಿ ಜೂನ್ ೨೯ರಂದು ಕೇಂದ್ರ ಸರ್ಕಾರವು ೬೩,೦೦೦ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಲೆಕ್ಕಗಳನ್ನು ಗಣಕಯಂತ್ರಕ್ಕೆ ತರುವ ೨,೫೧೬ ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆದುದರಿಂದ ಊರಿನ ಸಂಘದ ಅಧ್ಯಕ್ಷರಾಗಿಯೋ ನಿರ್ದೇಶಕರಾಗಿಯೋ ಇರುವ ನಮ್ಮ ವಾಚಕರಲ್ಲಿ ಅನೇಕರು, ತಾವು ಯಂತ್ರವನ್ನು ಮುಟ್ಟದಿದ್ದಾಗ್ಯೂ, ಅದರ ಬೀಗಕ್ಕೆ ಜವಾಬ್ದಾರರಾಗಿಯೇ ಇದ್ದಾರೆ.

ಮೊದಲು ಯಂತ್ರದಲ್ಲಿ ಅಧಿಕಾರವೆಂದರೆ ಏನೆಂಬುದನ್ನು ತಿಳಿಯತಕ್ಕದ್ದು. ಗಣಕಯಂತ್ರವು ತನ್ನ ಬಳಿಗೆ ಬಂದವನನ್ನು ಮೂರು ಪ್ರಶ್ನೆಗಳನ್ನು ಕೇಳಬೇಕು. ನೀನು ಯಾರು ಎಂಬುದು ಒಂದನೆಯದು. ಇದಕ್ಕೆ ಉತ್ತರವಾಗಿ ಹೆಸರನ್ನೂ ಪಾಸ್‌ವರ್ಡೆಂಬ ಗುಪ್ತಪದವನ್ನೂ ಅಥವಾ ಬೆರಳಚ್ಚನ್ನೂ ಕೊಡುವರು. ನೀನು ಏನೇನು ಮಾಡಬಹುದು ಎಂಬುದು ಎರಡನೆಯದು. ಒಬ್ಬನು ಲೆಕ್ಕವನ್ನು ನೋಡಬಹುದು, ಇನ್ನೊಬ್ಬನು ಬರೆಯಬಹುದು, ಮತ್ತೊಬ್ಬನು ಮಂಜೂರು ಮಾಡಬಹುದು. ಎಲ್ಲಿಯವರೆಗೆ ಎಂಬುದು ಮೂರನೆಯದು. ನಮ್ಮ ದಫ್ತರಗಳಲ್ಲಿ ಮೊದಲನೆಯದನ್ನು ಹೇಗೋ ಕೇಳುವರು. ಎರಡನೆಯದನ್ನು ಅರ್ಧ ಕೇಳುವರು. ಮೂರನೆಯದನ್ನು ಕೇಳುವವರೇ ಇಲ್ಲ. ಯಂತ್ರಕ್ಕೆ ಕೇಳಲು ಬರುವುದಿಲ್ಲವೆಂದಲ್ಲ. ಸಂಘಗಳಲ್ಲಿ ಬಳಕೆಯಲ್ಲಿರುವ ವಿಂಡೋಸ್ ಆಗಲಿ ಲಿನಕ್ಸ್ ಆಗಲಿ, ಒಬ್ಬೊಬ್ಬನ ಖಾತೆಗೂ ಮುಕ್ತಾಯದ ತಾರೀಖನ್ನು ಬರೆಯುವ ಏರ್ಪಾಡು ಎಷ್ಟೋ ವರ್ಷಗಳಿಂದ ಇದ್ದೇ ಇದೆ. ಬರೆಯುವವರಿಲ್ಲದೆ ಆ ಜಾಗವು ಬರಿದಾಗಿ ಬಿದ್ದಿರುವುದು.

ಈ ಶಾಸ್ತ್ರದ ಮೂಲವನ್ನು ಬಲ್ಲವರು ೧೯೭೫ನೆಯ ಇಸವಿಯ ಒಂದು ಪ್ರಬಂಧವನ್ನು ತೋರಿಸುವರು. ಅಮೆರಿಕಾದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿದ್ದ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೇಲ್ ಶ್ರೋಡರ್ ಎಂಬ ಇಬ್ಬರು ವಿದ್ವಾಂಸರು ಯಂತ್ರದೊಳಗಿನ ವಿಷಯಗಳ ರಕ್ಷಣೆಗೆ ಎಂಟು ಸೂತ್ರಗಳನ್ನು ಅದರಲ್ಲಿ ಹೇಳಿದರು. ಅವುಗಳಲ್ಲಿ ಎರಡು ನಮಗೆ ಮುಖ್ಯವಾದುವು. ಒಬ್ಬನಿಗೆ ತನ್ನ ಕೆಲಸವನ್ನು ಪೂರೈಸಲು ಬೇಕಾದಷ್ಟೇ ಅಧಿಕಾರವಿರಬೇಕು, ಅದಕ್ಕಿಂತ ಹೆಚ್ಚು ಕೂಡದೆಂಬುದು ಒಂದು. ಎರಡು ಕೀಲಿಗಳಿಂದ ತೆರೆಯುವ ಬೀಗವು ಒಂದೇ ಕೀಲಿಯ ಬೀಗಕ್ಕಿಂತ ಭದ್ರವಾದುದೆಂಬುದು ಇನ್ನೊಂದು. ಎರಡನೆಯದನ್ನು ನಮ್ಮ ಸಹಕಾರ ಸಂಘಗಳಿಗೆ ಅಮೆರಿಕಾದವರು ಕಲಿಸಬೇಕಾಗಿಲ್ಲ. ಒತ್ತೆಯ ಒಡವೆ ಇಡುವ ಪೆಟ್ಟಿಗೆಗೆ ಜೋಡಿ ಬೀಗ ಹಾಕಿ ಒಂದು ಕೀಲಿಯನ್ನು ಕಾರ್ಯದರ್ಶಿಯೂ ಇನ್ನೊಂದನ್ನು ಮತ್ತೊಬ್ಬರೂ ಇಟ್ಟುಕೊಳ್ಳುವ ರೂಢಿಯನ್ನು ಅನೇಕರು ಕಂಡಿದ್ದಾರೆ. ಮೊದಲನೆಯ ಸೂತ್ರಕ್ಕೆ ಕಾಲವನ್ನೂ ಸೇರಿಸಿಕೊಂಡರೆ ಈ ಲೇಖನದ ವಿಷಯವು ಸಿದ್ಧವಾಗುವುದು. ಹೇಗೆಂದರೆ, ಕೆಲಸವು ಮುಗಿದ ಮರುಕ್ಷಣದಿಂದ ಆ ಕೆಲಸಕ್ಕೆಂದು ಕೊಟ್ಟ ಅಧಿಕಾರವೆಲ್ಲವೂ ಹೆಚ್ಚಿನ ಅಧಿಕಾರವೇ ಆಗುವುದು.

ಮುಗಿಯದೆ ಉಳಿದ ಅಧಿಕಾರದಿಂದ ಏನಾಗುವುದೆಂಬುದಕ್ಕೆ ಹೊರದೇಶದ ಎರಡು ಪ್ರಸಂಗಗಳನ್ನು ಹೇಳುತ್ತೇನೆ. ೨೦೧೩ನೆಯ ಇಸವಿಯ ಕೊನೆಯಲ್ಲಿ ಅಮೆರಿಕಾದ ಟಾರ್ಗೆಟ್ ಎಂಬ ದೊಡ್ಡ ಅಂಗಡಿಗಳ ಸಂಸ್ಥೆಯಿಂದ ಸುಮಾರು ೪ ಕೋಟಿ ಗಿರಾಕಿಗಳ ಬ್ಯಾಂಕು ಕಾರ್ಡುಗಳ ವಿವರಗಳು ಕಳುವಾದುವು. ಕಳ್ಳರು ಮುಂಬಾಗಿಲಿನಿಂದ ಬರಲಿಲ್ಲ. ಅಂಗಡಿಗಳ ಶೀತಲ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಗುತ್ತಿಗೆದಾರನಿಗೆ ಲೆಕ್ಕ ಕಳುಹಿಸುವುದಕ್ಕೂ ಕೆಲಸದ ವಿವರ ತಿಳಿಸುವುದಕ್ಕೂ ಕೊಟ್ಟಿದ್ದ ಪ್ರವೇಶವನ್ನು ಕದ್ದು, ಅದರಿಂದ ಒಳಗೆ ಬಂದು, ಅಲ್ಲಿಂದ ಹಣ ಪಡೆಯುವ ಯಂತ್ರಗಳವರೆಗೂ ನಡೆದುಹೋದರು. ತಂಪು ಯಂತ್ರದವನಿಗೆ ತೆರೆದ ಹಿತ್ತಲ ಬಾಗಿಲಿಗೂ ಗಲ್ಲಾಪೆಟ್ಟಿಗೆಗೂ ನಡುವೆ ಗಟ್ಟಿಯಾದ ಗೋಡೆಯೇ ಇರಲಿಲ್ಲವೆಂಬುದು ಆಮೇಲೆ ಗೊತ್ತಾಯಿತು.

ಎರಡನೆಯದು ೨೦೨೧ನೆಯ ಇಸವಿ ಮೇ ತಿಂಗಳಿನದು. ಅಮೆರಿಕಾದ ಪೂರ್ವ ತೀರಕ್ಕೆ ಬೇಕಾಗುವ ಪೆಟ್ರೋಲು ಮುಂತಾದ ಇಂಧನಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟನ್ನು ಸಾಗಿಸುವ ಕೊಲೋನಿಯಲ್ ಎಂಬ ಕೊಳವೆಮಾರ್ಗವನ್ನು ಮೇ ೭ರಂದು ನಿಲ್ಲಿಸಬೇಕಾಯಿತು. ೧೨ರಂದು ಮತ್ತೆ ಆರಂಭವಾಯಿತು. ನಡುವಿನ ದಿನಗಳಲ್ಲಿ ಪೆಟ್ರೋಲು ಬಂಕುಗಳ ಮುಂದೆ ವಾಹನಗಳ ಸಾಲು ನಿಂತಿತು. ದುಷ್ಟರು ಒಳಹೊಕ್ಕದ್ದು ಯಾರೂ ಬಳಸದೆ ಇದ್ದ, ಆದರೆ ಮುಚ್ಚದೆ ಬಿಟ್ಟಿದ್ದ, ದೂರದಿಂದ ಒಳಗೆ ಬರುವ ಒಂದು ಹಳೆಯ ದಾರಿಯಿಂದ. ಅದಕ್ಕೆ ಒಂದೇ ಗುಪ್ತಪದ ಸಾಕಾಗಿತ್ತು. ಸಂಸ್ಥೆಯು ೪೪ ಲಕ್ಷ ಡಾಲರುಗಳಷ್ಟು ಬೆಲೆಯ ಹಣವನ್ನು ತೆತ್ತಿತು. ಆ ಗುಪ್ತಪದವು ಸುಲಭವಾದುದಾಗಿರಲಿಲ್ಲವೆಂದು ಅದರ ಮುಖ್ಯಾಧಿಕಾರಿಯು ಅಲ್ಲಿಯ ಸೆನೆಟ್ ಸಭೆಯ ಮುಂದೆ ಹೇಳಿದನು. ಇರಬಹುದು. ಬೀಗವು ಎಷ್ಟು ಗಟ್ಟಿಯಾಗಿದ್ದರೇನು, ಯಾರೂ ತಿರುಗಿ ನೋಡದ ಹಿತ್ತಲ ಬಾಗಿಲಿಗೆ ಅದನ್ನು ಹಾಕಿ ಕೀಲಿಯು ಎಲ್ಲೆಲ್ಲಿದೆಯೆಂಬುದನ್ನು ಮರೆತ ಮೇಲೆ?

ನಮ್ಮ ಸಂಘಗಳ ಸ್ಥಿತಿ

ಇಂತಹ ದೊಡ್ಡ ಸಂಸ್ಥೆಗಳ ಮಾತು ನಮಗೇಕೆಂದು ಕೇಳುವವರಿಗಾಗಿ ನಮ್ಮಲ್ಲಿಯೇ ಸಾಮಾನ್ಯವಾಗಿ ಕಾಣುವುದನ್ನು ಹೇಳುವೆನು. ಕಾರ್ಯದರ್ಶಿಯ ಗುಪ್ತಪದವು ಗೋಡೆಯ ಪಂಚಾಂಗದ ಮೇಲೆ ಪೆನ್ಸಿಲಿನಿಂದ ಬರೆದಿರುವುದನ್ನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ. ಮುಂಗಾರಿನಲ್ಲಿ ಸಾಲದ ಅರ್ಜಿಗಳೂ ಗೊಬ್ಬರದ ಮಾರಾಟವೂ ಒಟ್ಟಿಗೆ ಬಂದು ಬೀಳುವುವು. ಆಗ ಊರಿನ ಓದಿದ ಹುಡುಗನೊಬ್ಬನನ್ನು ಎರಡು ತಿಂಗಳ ಮಟ್ಟಿಗೆ ಸಹಾಯಕ್ಕೆ ಕರೆದುಕೊಳ್ಳುವರು. ಅವನಿಗೆ ಬೇರೆ ಖಾತೆ ಮಾಡಿಸಲು ವ್ಯವಧಾನವಿಲ್ಲದೆ ಕಾರ್ಯದರ್ಶಿಯು ತನ್ನ ಹೆಸರನ್ನೂ ಗುಪ್ತಪದವನ್ನೂ ಕೊಟ್ಟುಬಿಡುವನು. ಹುಡುಗನು ಒಳ್ಳೆಯವನೇ ಇರಬಹುದು; ನೂರಕ್ಕೆ ತೊಂಬತ್ತೊಂಬತ್ತು ಮಂದಿ ಒಳ್ಳೆಯವರೇ. ಆದರೆ ಆ ಎರಡು ತಿಂಗಳಲ್ಲಿ ಯಂತ್ರದಲ್ಲಿ ಬರೆದ ಪ್ರತಿಯೊಂದು ಸಾಲೂ ಕಾರ್ಯದರ್ಶಿಯ ಹೆಸರಿನಲ್ಲಿಯೇ ಇರುವುದು. ಯಾವನೋ ಒಬ್ಬ ಸದಸ್ಯನ ಸಾಲದಲ್ಲಿ ಒಂದು ಸೊನ್ನೆ ಹೆಚ್ಚಾದರೆ, ಬರೆದವನು ಯಾರೆಂದು ಹೇಳಲು ಸಾಕ್ಷಿಯಿಲ್ಲ. ತಪ್ಪಿನ ಹೊರೆ ಕಾರ್ಯದರ್ಶಿಯ ತಲೆಯ ಮೇಲೆ. ಅನುಮಾನದ ಹೊರೆ ಆ ಬಡಹುಡುಗನ ತಲೆಯ ಮೇಲೆ. ಇಬ್ಬರಿಗೂ ಅನ್ಯಾಯವೇ.

ಭೂಮಿ ಯೋಜನೆಯನ್ನು ಆರಂಭಿಸಿದವರು ಈ ಅಂಶವನ್ನು ಮೊದಲೇ ಮನಗಂಡಿದ್ದರು. ತಾಲ್ಲೂಕು ಕಛೇರಿಯಲ್ಲಿ ಪಹಣಿಯ ದಾಖಲೆಯನ್ನು ಬದಲಾಯಿಸತಕ್ಕವನು ಗುಪ್ತಪದದಿಂದ ಮಾತ್ರವಲ್ಲದೆ ತನ್ನ ಬೆರಳಚ್ಚಿನಿಂದ ಯಂತ್ರವನ್ನು ತೆರೆಯಬೇಕೆಂದು ಏರ್ಪಡಿಸಿದರು. ನಾನು ಮಾಡಲಿಲ್ಲ, ನನ್ನ ಹೆಸರನ್ನು ಇನ್ನೊಬ್ಬನು ಬಳಸಿದನು ಎಂದು ಆಮೇಲೆ ಹೇಳಲು ಅವಕಾಶವಿರಬಾರದೆಂಬುದೇ ಇದರ ಉದ್ದೇಶ. ನಮ್ಮ ಸಂಘಗಳಲ್ಲಿಯೂ ಇದೇ ನ್ಯಾಯವು ನಡೆಯತಕ್ಕದ್ದು: ಒಬ್ಬನಿಗೆ ಒಂದು ಖಾತೆ, ಎರಡು ತಿಂಗಳ ಸಹಾಯಕನಿಗೂ ತನ್ನದೇ ಖಾತೆ.

ಆ ಖಾತೆಯನ್ನು ಮಾಡುವಾಗಲೇ ಮುಕ್ತಾಯದ ತಾರೀಖನ್ನು ಹಾಕಿಬಿಡಬೇಕು. ಇದು ಬಹಳ ಮುಖ್ಯ. ಕೆಲಸ ಮುಗಿದ ಮೇಲೆ ತೆಗೆದುಹಾಕಿದರಾಯಿತೆಂದು ಎಲ್ಲರೂ ಹೇಳುವರು, ತೆಗೆದುಹಾಕುವವರು ವಿರಳ. ಯಾತಕ್ಕೆಂದರೆ ಕೊಡುವ ದಿನ ಕೇಳುವವನು ಎದುರಿಗೆ ನಿಂತಿರುತ್ತಾನೆ. ಹಿಂದಕ್ಕೆ ಪಡೆಯುವ ದಿನ ನೆನಪು ಮಾಡುವವನು ಯಾರೂ ಇರುವುದಿಲ್ಲ. ಆದಕಾರಣ ನೆನಪಿನ ಕೆಲಸವನ್ನು ಮನುಷ್ಯನಿಂದ ತೆಗೆದು ಯಂತ್ರಕ್ಕೆ ವಹಿಸತಕ್ಕದ್ದು. ಜೂನ್ ೧ರಿಂದ ಜುಲೈ ೩೧ರವರೆಗೆ ಎಂದು ಬರೆದಿಟ್ಟರೆ, ಆಗಸ್ಟ್ ೧ರಂದು ಬಾಗಿಲು ತಾನಾಗಿಯೇ ಮುಚ್ಚುವುದು. ಇನ್ನೂ ಹದಿನೈದು ದಿನ ಬೇಕಾದರೆ ಸಹಾಯಕನೇ ಬಂದು ಕೇಳುವನು. ಬೇಕಾದವನು ಕೇಳಿಯೇ ಕೇಳುತ್ತಾನೆ. ಬೇಡದ ಅಧಿಕಾರವು ತಾನಾಗಿ ಬಂದು ನನ್ನನ್ನು ತೆಗೆಯಿರಿ ಎಂದು ಕೇಳುವುದಿಲ್ಲ.

ಅಧಿಕಾರದ ಪ್ರಮಾಣವೂ ಕೆಲಸಕ್ಕೆ ತಕ್ಕಂತೆ ಇರಬೇಕು. ಹಂಗಾಮಿನ ಸಹಾಯಕನು ಅರ್ಜಿಯನ್ನು ಬರೆದು ಸೇರಿಸಲಿ. ಮಂಜೂರಾತಿಯ ಗುಂಡಿಯು ಅವನ ತೆರೆಯ ಮೇಲೆ ಕಾಣುವುದೇ ಬೇಡ. ಲೆಕ್ಕ ತನಿಖೆಗೆ ಬಂದವರಿಗೆ ಎಲ್ಲವನ್ನೂ ನೋಡುವ ಅಧಿಕಾರ ಬೇಕು, ಬರೆಯುವ ಅಧಿಕಾರ ಬೇಡ; ತನಿಖೆಯ ಅವಧಿಯನ್ನು ಗೊತ್ತುಮಾಡಿ ಕೊಟ್ಟರೆ ಅವರಿಗೂ ಗೌರವ, ಸಂಘಕ್ಕೂ ನೆಮ್ಮದಿ. ಯಂತ್ರ ರಿಪೇರಿಗೆ ಬಂದವನ ವಿಷಯದಲ್ಲಿಯೇ ಹೆಚ್ಚು ಎಚ್ಚರ ಬೇಕು. ಅವನಿಗೆ ಯಂತ್ರದ ಸರ್ವಾಧಿಕಾರವು ಕೆಲವು ವೇಳೆ ನಿಜವಾಗಿಯೂ ಬೇಕಾಗುವುದು, ಆದರೆ ಅದು ಬೇಕಾದದ್ದು ಒಂದು ಮಧ್ಯಾಹ್ನದ ಮಟ್ಟಿಗೆ. ಅವನು ಕೆಲಸ ಮಾಡುವಾಗ ಸಂಘದವನೊಬ್ಬನು ಪಕ್ಕದಲ್ಲಿ ಕುಳಿತಿರಬೇಕು, ಅವನು ಹೋದ ಕೂಡಲೆ ಆ ಖಾತೆಯನ್ನು ಮುಚ್ಚಬೇಕು. ಮುಂದಿನ ಸಲ ಅನುಕೂಲವಾಗಲೆಂದು ದೂರದಿಂದಲೇ ಯಂತ್ರವನ್ನು ತೆರೆಯುವ ಉಪಾಯವೊಂದನ್ನು ಅವನು ಹಾಕಿಟ್ಟು ಹೋಗುವುದುಂಟು. ಅವನ ಉದ್ದೇಶ ಒಳ್ಳೆಯದೇ ಆಗಿರಬಹುದು. ಕೊಳವೆಮಾರ್ಗದ ಕಥೆಯಲ್ಲಿದ್ದ ಹಿತ್ತಲ ಬಾಗಿಲೂ ಮೊದಲಲ್ಲಿ ಯಾರದೋ ಅನುಕೂಲಕ್ಕಾಗಿಯೇ ಇಟ್ಟದ್ದು. ಯಾರೂ ಒಪ್ಪಿಗೆ ಕೊಡದೆ ದೂರದಿಂದ ತೆರೆಯುವ ಏರ್ಪಾಡು ಯಂತ್ರದಲ್ಲಿ ಉಳಿದಿಲ್ಲವೆಂದು ಅವನ ಕೈಯಿಂದಲೇ ತೋರಿಸಿಕೊಂಡು ಆಮೇಲೆ ಕೂಲಿಯನ್ನು ಕೊಡುವುದು ಮೇಲು.

ಕೆಲಸವು ನಿಧಾನವಾಗುವುದೆಂಬ ಆಕ್ಷೇಪಣೆ

ಇಷ್ಟೆಲ್ಲ ಕಟ್ಟುಪಾಡು ಮಾಡಿದರೆ ಕೆಲಸ ಸಾಗುವುದೆ ಎಂಬುದು ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಯಾಕೆಂದರೆ ಭದ್ರತೆಯೆಂದರೆ ಅಡ್ಡಿಯೆಂಬ ಭಾವನೆಯು ನಮ್ಮಲ್ಲಿ ಬೇರೂರಿದೆ.

ಅವಧಿಯಿಲ್ಲದ ಅಧಿಕಾರವನ್ನು ಕೊಡಲು ಬುದ್ಧಿವಂತನಾದ ಯಜಮಾನನು ಹಿಂಜರಿಯುವನು. ಒಮ್ಮೆ ಕೊಟ್ಟರೆ ಹೋಯಿತೆಂದು ಅವನು ಬಲ್ಲನು. ಆದುದರಿಂದ ಎಲ್ಲ ಅಧಿಕಾರವನ್ನೂ ಕಾರ್ಯದರ್ಶಿಯೊಬ್ಬನಲ್ಲಿಯೇ ಇಡುವನು. ಕಾರ್ಯದರ್ಶಿಗೆ ಜ್ವರ ಬಂದರೆ, ಅಥವಾ ಅವನ ಮನೆಯಲ್ಲಿ ಮದುವೆಯಾದರೆ, ಸಂಘದ ಬಾಗಿಲಲ್ಲಿ ರೈತರು ನಾಲ್ಕು ದಿನ ಕಾಯುವರು. ಬಿತ್ತನೆಯ ಹದವು ಯಾರ ಜ್ವರಕ್ಕೂ ಕಾಯುವುದಿಲ್ಲ. ಮಳೆ ಬಿದ್ದು ಭೂಮಿ ಆರುವುದರೊಳಗೆ ಬೀಜಕ್ಕೂ ಗೊಬ್ಬರಕ್ಕೂ ಹಣ ಸಿಕ್ಕದವನು ಕೈಸಾಲಕ್ಕೆ ಹೋಗುವನು. ಹೀಗೆ ಬೀಗವನ್ನು ಅತಿಯಾಗಿ ಬಿಗಿ ಮಾಡಿದ್ದರ ಬಡ್ಡಿಯನ್ನು ರೈತನು ತೆರುವನು. ಕಡೆಗೆ ಬೇಸತ್ತ ಕಾರ್ಯದರ್ಶಿಯು ದೂರವಾಣಿಯಲ್ಲಿ ಗುಪ್ತಪದವನ್ನು ಹೇಳಿಬಿಡುವನು. ಅಲ್ಲಿಗೆ ಭದ್ರತೆಯೂ ಹೋಯಿತು.

ಅವಧಿಗೊಳಪಟ್ಟ ಅಧಿಕಾರದಲ್ಲಿ ಹೀಗಾಗುವುದಿಲ್ಲ. ಕಾರ್ಯದರ್ಶಿಯು ರಜೆಯ ಮೇಲೆ ಹೋಗುವ ಮುಂಚೆಯೇ, ಅವನ ಬದಲು ಯಾರು, ಎಷ್ಟು ಹಣದವರೆಗೆ, ಯಾವ ದಿನದಿಂದ ಯಾವ ದಿನದವರೆಗೆ ಎಂದು ಆಡಳಿತ ಮಂಡಳಿಯು ನಿರ್ಣಯ ಬರೆದು, ಅದೇ ಪ್ರಕಾರ ಯಂತ್ರದಲ್ಲಿಯೂ ಬರೆಸಿದರೆ, ಗುಮಾಸ್ತನು ತನ್ನ ಹೆಸರಿನಿಂದಲೇ, ತನ್ನ ಜವಾಬ್ದಾರಿಯಿಂದಲೇ ಕೆಲಸ ಮಾಡುವನು. ಅಧಿಕಾರವು ತಾನಾಗಿ ಹಿಂದಕ್ಕೆ ಬರುವುದೆಂಬ ಧೈರ್ಯವಿದ್ದಾಗ ಕೊಡುವವನ ಕೈ ಧಾರಾಳವಾಗುವುದು, ಕೆಲಸವೂ ಬೇಗನೆ ಸಾಗುವುದು.

ನಿಜವಾಗಿಯೂ ಅಡ್ಡಿಯಾಗುವುದು ಅವಧಿಯನ್ನು ತೀರ ಚಿಕ್ಕದು ಮಾಡಿದಾಗ. ಹಂಗಾಮಿನ ಸಹಾಯಕನಿಗೆ ದಿನಕ್ಕೊಮ್ಮೆ ಹೊಸ ಅಪ್ಪಣೆ ಬೇಕೆಂದರೆ ಮೂರನೆಯ ದಿನ ಅವನು ಮತ್ತೆ ಪಂಚಾಂಗದ ಮೇಲಿನ ಗುಪ್ತಪದವನ್ನೇ ಹುಡುಕುವನು. ಅವಧಿಯು ಕೆಲಸದ ಉದ್ದಕ್ಕೆ ಸರಿಯಾಗಿ ಇರಲಿ, ಒಂದೆರಡು ದಿನ ಹೆಚ್ಚಾದರೂ ಚಿಂತೆಯಿಲ್ಲ. ತುರ್ತಿನ ಕಾಲಕ್ಕೆ ಬೇರೊಂದು ಉಪಾಯವುಂಟು. ಯಂತ್ರದ ಸರ್ವಾಧಿಕಾರದ ಗುಪ್ತಪದವನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಅರಗಿನ ಮುದ್ರೆ ಹಾಕಿ, ಜೋಡಿ ಬೀಗದ ಪೆಟ್ಟಿಗೆಯಲ್ಲಿಡುವುದು. ಆಪತ್ತಿಗೆ ಒಡೆಯಬಹುದು, ಒಡೆದದ್ದು ಎಲ್ಲರಿಗೂ ತಿಳಿಯುವುದು, ಮರುದಿನವೇ ಹೊಸ ಗುಪ್ತಪದವನ್ನು ಇಟ್ಟು ಹೊಸ ಮುದ್ರೆ ಹಾಕತಕ್ಕದ್ದು. ದೊಡ್ಡ ದೊಡ್ಡ ಬ್ಯಾಂಕುಗಳಲ್ಲಿಯೂ ಇದೇ ತೆರನಾದ ಏರ್ಪಾಡು ಇರುವುದೆಂದರೆ ನಮ್ಮವರಿಗೆ ನಗು ಬಂದೀತು, ಆದರೆ ನಿಜ.

ಯಂತ್ರದೊಳಗೆ ಅವಧಿಯು ನಡೆಯುವ ಬಗೆ

ಯಂತ್ರಗಳು ಈ ಕೆಲಸವನ್ನು ಮಾಡುವ ಕ್ರಮವು ಸ್ವಾರಸ್ಯವಾಗಿದೆ. ೧೯೮೩ರಲ್ಲಿ ಮೇಲ್ಕಂಡ ಮೆಸಾಚುಸೆಟ್ಸ್ ವಿದ್ಯಾಸಂಸ್ಥೆಯಲ್ಲಿಯೇ ಅಥೀನಾ ಎಂಬ ಯೋಜನೆಯು ಆರಂಭವಾಯಿತು. ಅದರಿಂದ ಹುಟ್ಟಿದ ಒಂದು ಪದ್ಧತಿಗೆ ಕರ್ಬೆರೋಸ್ ಎಂದು ಹೆಸರು. ಇದು ಯವನರ ಪುರಾಣದಲ್ಲಿ ಯಮಲೋಕದ ಬಾಗಿಲನ್ನು ಕಾಯುವ ಮೂರು ತಲೆಯ ನಾಯಿಯ ಹೆಸರು. ಇದರಲ್ಲಿ ಮನುಷ್ಯನು ಬೆಳಗ್ಗೆ ಒಮ್ಮೆ ಗುಪ್ತಪದವನ್ನು ಕೊಟ್ಟು ಒಂದು ಟಿಕೆಟನ್ನು ಪಡೆಯುವನು. ಆಮೇಲೆ ಒಂದೊಂದು ಬಾಗಿಲಿನಲ್ಲಿಯೂ ಗುಪ್ತಪದವನ್ನು ಹೇಳುವುದಿಲ್ಲ, ಟಿಕೆಟನ್ನು ತೋರಿಸುವನು. ಟಿಕೆಟಿನ ಮೇಲೆ ಹೆಸರೂ ಕಾಲಾವಧಿಯೂ ಬೇರೆಯವರು ತಿದ್ದಲಾರದ ಹಾಗೆ ಬರೆದಿರುವುದು. ವಿಂಡೋಸ್ ಯಂತ್ರಗಳ ಜಾಲದಲ್ಲಿ ಈಗಲೂ ಇದೇ ಪದ್ಧತಿ ಬಳಕೆಯಲ್ಲಿದ್ದು, ಬೇರೆ ವಿಧವಾಗಿ ಗೊತ್ತುಮಾಡದಿದ್ದರೆ ಟಿಕೆಟಿನ ಆಯುಸ್ಸು ೧೦ ಗಂಟೆಗಳು. ಜಾತ್ರೆಗೆ ಹೋಗುವ ಬಸ್ಸಿನ ಟಿಕೆಟು ಮರುದಿನಕ್ಕೆ ಹೇಗೆ ನಡೆಯದೋ ಹಾಗೆಯೇ ಇದೂ. ಕದ್ದವನಿಗೆ ಸಂಜೆಯ ಮೇಲೆ ಅದರಿಂದ ಪ್ರಯೋಜನವಿಲ್ಲ.

ಇಲ್ಲಿ ಒಂದು ಸಣ್ಣ ವಿಷಯವನ್ನು ಹೇಳದೆ ಬಿಡಬಾರದು. ಅವಧಿಯನ್ನು ಅಳೆಯುವುದು ಯಂತ್ರದ ಗಡಿಯಾರ. ಗಡಿಯಾರವು ತಪ್ಪಿದರೆ ಎಲ್ಲವೂ ತಪ್ಪುವುದು. ಕರ್ಬೆರೋಸ್ ಪದ್ಧತಿಯಲ್ಲಿ ಎರಡು ಯಂತ್ರಗಳ ಗಡಿಯಾರಗಳಿಗೆ ಸಾಮಾನ್ಯವಾಗಿ ೫ ನಿಮಿಷಗಳಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬಾಗಿಲೇ ತೆರೆಯದು. ಜಾಲಕ್ಕೆ ಸೇರದ ಬಿಡಿ ಯಂತ್ರದಲ್ಲಿ ಒಳಗಿನ ಚಿಕ್ಕ ಬ್ಯಾಟರಿಯು ಸತ್ತುಹೋದರೆ, ವಿದ್ಯುತ್ತು ಹೋಗಿ ಬಂದಾಗಲೆಲ್ಲ ಗಡಿಯಾರವು ಎಷ್ಟೋ ವರ್ಷ ಹಿಂದಕ್ಕೆ ಹೋಗಿಬಿಡುವುದು. ಆಗ ಮುಗಿದುಹೋದ ಅಧಿಕಾರಕ್ಕೆ ಮರಳಿ ಜೀವ ಬರುವುದು. ಸ್ವಲ್ಪ ಹಣದ ಬಟ್ಟಲಿನಂತಹ ಆ ಬ್ಯಾಟರಿಯನ್ನು ಬದಲಾಯಿಸದೆ ದೊಡ್ಡ ದೊಡ್ಡ ನಿರ್ಣಯಗಳನ್ನು ಬರೆದು ಫಲವೇನು?

ಭೂಮಾಲೀಕರ ಸ್ವಂತ ವಿಷಯ

ಸಂಘದ ಮಾತು ಹಾಗಿರಲಿ. ಈಗ ಪ್ರತಿಯೊಬ್ಬ ಭೂಮಾಲೀಕನೂ ತನ್ನ ಬೆರಳಿನಲ್ಲಿಯೇ ಒಂದು ಬೀಗದಕೈಯನ್ನು ಹೊತ್ತುಕೊಂಡು ತಿರುಗುತ್ತಿದ್ದಾನೆ. ಆಧಾರದ ಮೂಲಕ ಹಣ ಕೊಡುವ ಪದ್ಧತಿಯಲ್ಲಿ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು, ಈ ಮೂರಿದ್ದರೆ ಹಣವನ್ನು ತೆಗೆಯಬಹುದು. ಮೊಬೈಲು ಫೋನಿಗೆ ಬರುವ ಸಂಖ್ಯೆಯನ್ನು ಕೇಳುವುದಿಲ್ಲ. ಹಳ್ಳಿಯ ವೃದ್ಧರಿಗೆ ಇದರಿಂದ ಬಹಳ ಉಪಕಾರವಾಗಿದೆ. ಆದರೆ ಕ್ರಯಪತ್ರ ಮೊದಲಾದ ನೋಂದಣಿ ಪತ್ರಗಳಲ್ಲಿ ಹೆಬ್ಬೆರಳಿನ ಗುರುತೂ ಆಧಾರ್ ಸಂಖ್ಯೆಯೂ ಒಟ್ಟಿಗೆ ಇದ್ದು, ಅಂತಹ ಪತ್ರಗಳ ಪ್ರತಿಗಳಿಂದ ಬೆರಳಚ್ಚನ್ನು ನಕಲು ಮಾಡಿ ಜನರ ಹಣವನ್ನು ಕದ್ದ ಪ್ರಸಂಗಗಳು ೨೦೨೩ನೆಯ ಇಸವಿಯಲ್ಲಿ ಬೆಂಗಳೂರಿನಲ್ಲಿಯೂ ಹೊರಬಿದ್ದುವು. ಜಮೀನನ್ನು ಕೊಂಡವರೂ ಮಾರಿದವರೂ, ಎಂದರೆ ನಮ್ಮ ವಾಚಕವರ್ಗವೇ, ಇದಕ್ಕೆ ಗುರಿಯಾಗುವವರು. ಗುಪ್ತಪದವು ಬಯಲಾದರೆ ಬೇರೆಯದನ್ನು ಇಟ್ಟುಕೊಳ್ಳಬಹುದು, ಹೆಬ್ಬೆರಳನ್ನು ಬದಲಾಯಿಸುವಂತಿಲ್ಲ.

ಇದಕ್ಕೆ ಆಧಾರ್ ಪ್ರಾಧಿಕಾರದವರು ಒಂದು ಬೀಗವನ್ನು ಮಾಡಿದ್ದಾರೆ. ಅವರ ಜಾಲತಾಣದಲ್ಲಾಗಲಿ ಮೊಬೈಲಿನ ಆ್ಯಪಿನಲ್ಲಾಗಲಿ ನಮ್ಮ ಬೆರಳಚ್ಚು, ಕಣ್ಣಿನ ಪಾಪೆ ಮುಂತಾದುವುಗಳ ಬಳಕೆಗೆ ಬೀಗ ಹಾಕಬಹುದು. ಬೇಕಾದಾಗ ತಾತ್ಕಾಲಿಕವಾಗಿ ತೆರೆದರೆ ಅದು ೧೦ ನಿಮಿಷಗಳವರೆಗೆ ಮಾತ್ರ ತೆರೆದಿದ್ದು, ಆಮೇಲೆ ತಾನಾಗಿಯೇ ಮುಚ್ಚಿಕೊಳ್ಳುವುದು. ಅವಧಿಗೊಳಪಟ್ಟ ಅಧಿಕಾರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು. ಆದರೆ ಬೀಗ ಹಾಕಿದ ಮೇಲೆ ಪಡಿತರದ ಅಂಗಡಿಯಲ್ಲಿಯೂ ಗೊಬ್ಬರದ ಅಂಗಡಿಯಲ್ಲಿಯೂ ಬೆರಳಚ್ಚು ನಡೆಯದೆಂಬುದನ್ನು ನೆನಪಿಡಬೇಕು. ಸಾಲಿನಲ್ಲಿ ತನ್ನ ಸರದಿ ಬಂದಾಗ ತೆರೆಯತಕ್ಕದ್ದೇ ಹೊರತು ಮನೆಯಿಂದ ಹೊರಡುವಾಗ ತೆರೆದರೆ ಪ್ರಯೋಜನವಿಲ್ಲ. ಮನೆಯಲ್ಲಿ ಮೊಬೈಲನ್ನು ಬಲ್ಲ ಮಗನೋ ಮಗಳೋ ಇಲ್ಲದ ವೃದ್ಧರಿಗೆ ಇದು ತೊಡಕಾಗಬಹುದು. ಅಂತಹವರು ಸಹಾಯಧನ ಬರುವ ಖಾತೆಯಲ್ಲಿ ಸ್ವಲ್ಪ ಹಣವನ್ನು ಮಾತ್ರ ಇಟ್ಟು, ಉಳಿದುದನ್ನು ಆಧಾರಕ್ಕೆ ಸೇರದ ಖಾತೆಯಲ್ಲಿಯೋ ಠೇವಣಿಯಲ್ಲಿಯೋ ಇಡುವುದು ಲೇಸೆಂದು ನನ್ನ ಅಭಿಪ್ರಾಯ. ಸಂಖ್ಯೆಯನ್ನು ಬರೆದುಕೊಡಬೇಕಾದ ಕಡೆಗಳಿಗೆ ೨೦೧೮ರಲ್ಲಿ ಬಂದ ೧೬ ಅಂಕಿಗಳ ಬದಲಿ ಸಂಖ್ಯೆಯೂ ಉಂಟು. ಅದನ್ನು ಒಪ್ಪುವ ಕಡೆ ಅದನ್ನೇ ಕೊಡಬಹುದು. ಹೊಸದನ್ನು ಪಡೆದ ಕೂಡಲೆ ಹಳೆಯದು ನಿಷ್ಫಲವಾಗುವುದು.

ಮೊಬೈಲು ಫೋನಿನ ಆ್ಯಪುಗಳು ನಮ್ಮ ಸ್ಥಳವನ್ನೂ ಚಿತ್ರಗಳನ್ನೂ ಕೇಳುವಾಗ ಈ ಬಾರಿಗೆ ಮಾತ್ರ ಎಂಬರ್ಥದ ಆಯ್ಕೆಯೊಂದು ಕಾಣುವುದು. ಆ್ಯಂಡ್ರಾಯ್ಡ್ ಫೋನುಗಳಲ್ಲಿ ಇದು ೨೦೨೦ರಿಂದ ಸ್ಥಳ, ಕ್ಯಾಮೆರಾ, ಮೈಕುಗಳಿಗೆ ದೊರೆಯುತ್ತಿದೆ. ಹೊಲದಲ್ಲಿ ನಿಂತು ಬೆಳೆಯ ಚಿತ್ರ ತೆಗೆಯಲು ಆ ಕ್ಷಣಕ್ಕೆ ಒಪ್ಪಿಗೆ ಸಾಕು. ಇದಕ್ಕಿಂತ ಅಪಾಯವಾದುದು ಫೋನನ್ನೇ ದೂರದವನ ಕೈಗೆ ಒಪ್ಪಿಸುವ ಎನಿಡೆಸ್ಕ್ ಮುಂತಾದ ಸಾಧನಗಳು. ಇವು ರಿಪೇರಿಯವರಿಗೆ ಉಪಯುಕ್ತವೇ. ಆದರೆ ಬ್ಯಾಂಕಿನವರೆಂದು ಹೇಳಿಕೊಂಡು ಇದನ್ನು ಹಾಕಿಸಿ, ತೆರೆಯ ಮೇಲಿನ ಸಂಖ್ಯೆಯನ್ನು ಕೇಳಿ ಹಣ ದೋಚುವ ಮೋಸದ ವಿಷಯವಾಗಿ ರಿಸರ್ವ್ ಬ್ಯಾಂಕು ೨೦೧೯ನೆಯ ಇಸವಿ ಫೆಬ್ರವರಿಯಲ್ಲಿಯೇ ಬ್ಯಾಂಕುಗಳಿಗೆ ಎಚ್ಚರಿಕೆ ಕೊಟ್ಟಿತು. ಕೇಳದೆ ಬಂದ ಸಹಾಯಕ್ಕೆ ಒಂದು ನಿಮಿಷದ ಅಧಿಕಾರವೂ ಬೇಡ.

ಸಾಲಕ್ಕಾಗಿ ಬ್ಯಾಂಕಿನ ಲೆಕ್ಕವನ್ನು ತೋರಿಸಬೇಕಾದಾಗ, ೨೦೨೧ನೆಯ ಇಸವಿ ಸೆಪ್ಟೆಂಬರಿನಿಂದ ಅಕೌಂಟ್ ಅಗ್ರಿಗೇಟರುಗಳೆಂಬ ಸಂಸ್ಥೆಗಳು ಕೆಲಸಮಾಡುತ್ತಿವೆ. ಯಾವ ಉದ್ದೇಶಕ್ಕೆ, ಯಾವ ಅವಧಿಯ ಲೆಕ್ಕ, ಎಷ್ಟು ಕಾಲದವರೆಗೆ ಎಂಬುದೆಲ್ಲ ಒಪ್ಪಿಗೆಯಲ್ಲಿಯೇ ಬರೆದಿದ್ದು, ಮಧ್ಯದಲ್ಲಿ ಹಿಂದಕ್ಕೆ ಪಡೆಯಲೂಬಹುದು. ಮುಖ್ತ್ಯಾರ್‌ನಾಮೆಯನ್ನು ಬಲ್ಲ ನಮ್ಮ ಭೂಮಾಲೀಕರಿಗೆ ಇದರ ಮರ್ಮವು ಬೇಗನೆ ಹೊಳೆಯುವುದು. ಪಟ್ಟಣದಲ್ಲಿಯೋ ಹೊರದೇಶದಲ್ಲಿಯೋ ನೆಲೆಸಿದವನು ಊರಿನ ಜಮೀನಿನ ಸಕಲ ವ್ಯವಹಾರಕ್ಕೂ ತಮ್ಮನಿಗೆ ಸಾಮಾನ್ಯ ಮುಖ್ತ್ಯಾರ್ ಬರೆದುಕೊಟ್ಟು ಮರೆತುಬಿಟ್ಟು, ಇಪ್ಪತ್ತು ವರ್ಷಗಳ ಮೇಲೆ ನ್ಯಾಯಾಲಯದ ಮೆಟ್ಟಿಲು ಹತ್ತಿದ ಕಥೆಗಳು ಪ್ರತಿ ಹೋಬಳಿಯಲ್ಲಿಯೂ ಇವೆ. ಒಂದು ಸರ್ವೆ ನಂಬರಿನ ಒಂದು ಕೆಲಸಕ್ಕೆ ವಿಶೇಷ ಮುಖ್ತ್ಯಾರ್ ಬರೆದವನು ನಿಶ್ಚಿಂತೆಯಿಂದ ಮಲಗುವನು. ಗಣಕಯಂತ್ರದಲ್ಲಿ ನಾವು ದಿನವೂ ಕೊಡುತ್ತಿರುವುದು ಬಹುಮಟ್ಟಿಗೆ ಸಾಮಾನ್ಯ ಮುಖ್ತ್ಯಾರ್‌ಗಳೇ.

ಪುಸ್ತಕದಲ್ಲಿ ಬರೆದಿಡುವ ವಿಷಯ

ಕಡೆಯದಾಗಿ ಲೆಕ್ಕದ ಮಾತು. ಯಂತ್ರವು ಯಾರು ಯಾವಾಗ ಬಂದರೆಂಬುದನ್ನು ತಾನೇ ಬರೆದುಕೊಳ್ಳುವುದುಂಟು. ಅಂತಹ ದಾಖಲೆಯನ್ನು ೧೮೦ ದಿನಗಳವರೆಗೆ ಕಾಪಾಡಬೇಕೆಂದು ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆಯು ೨೦೨೨ನೆಯ ಇಸವಿ ಏಪ್ರಿಲ್ ೨೮ರಂದು ನಿರ್ದೇಶನ ಹೊರಡಿಸಿತು. ಆದಾಗ್ಯೂ ಸಂಘದಲ್ಲಿ ಗೆರೆ ಎಳೆದ ಒಂದು ಸಾಧಾರಣ ಪುಸ್ತಕವೂ ಇರತಕ್ಕದ್ದು. ಅಧಿಕಾರ ಪಡೆದವನ ಹೆಸರು, ಕೆಲಸ, ಏನೇನು ಮಾಡಬಹುದೆಂಬುದು, ಆರಂಭದ ತಾರೀಖು, ಮುಕ್ತಾಯದ ತಾರೀಖು, ಕೊಟ್ಟವರ ಸಹಿ, ಮುಚ್ಚಿದ್ದನ್ನು ನೋಡಿದವರ ಸಹಿ, ಇಷ್ಟಿದ್ದರೆ ಸಾಕು. ಕೊಟ್ಟವರೂ ಮುಚ್ಚಿದ್ದನ್ನು ನೋಡಿದವರೂ ಒಬ್ಬರೇ ಆಗಿರಬಾರದು. ತಿಂಗಳ ಕಡೆಯ ದಿನ ನಗದನ್ನು ತಾಳೆ ನೋಡುವಾಗಲೇ ಈ ಪುಸ್ತಕವನ್ನೂ ಯಂತ್ರದೊಳಗಿನ ಖಾತೆಗಳ ಪಟ್ಟಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಪುಸ್ತಕದಲ್ಲಿಲ್ಲದ ಹೆಸರೊಂದು ಯಂತ್ರದಲ್ಲಿ ಕಂಡರೆ ಆ ದಿನವೇ ಮುಚ್ಚಿಸಿ, ಆಮೇಲೆ ವಿಚಾರಿಸಬಹುದು. ಮೊದಲ ಸಲ ಹೀಗೆ ನೋಡುವ ಸಂಘಗಳಲ್ಲಿ ವರ್ಗವಾಗಿ ಹೋದವರು, ನಿವೃತ್ತರಾದವರು, ಕೆಲವೊಮ್ಮೆ ಕಾಲವಾದವರ ಹೆಸರುಗಳೂ ಸಿಕ್ಕುವುವು. ಅವುಗಳನ್ನು ತೆಗೆಯಲು ಅರ್ಧ ದಿನ ಬೇಕಾದೀತು. ಮುಂಗಾರು ಹಿಡಿಯುವ ಮುನ್ನ, ಕೆಲಸ ಕಡಿಮೆಯಿರುವ ಏಪ್ರಿಲ್ ತಿಂಗಳಲ್ಲಿ ಅದಕ್ಕೆ ಒಂದು ದಿನವನ್ನು ಗೊತ್ತುಮಾಡಿಕೊಳ್ಳಬಹುದು.